ಗೋಡೆಯಿಂದ ಇಳಿಯದ ಗಾಡಿ

ತಾವರಗೇರಾದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮಾಡಿಸುವವರು ಮೊದಲು ಬಂದು ನಿಲ್ಲುವುದು ಯಮನೂರಪ್ಪನ ವೆಲ್ಡಿಂಗ್ ಅಂಗಡಿಯ ಮುಂದೆ. ಅವನು ಕಾಗದದ ಮೇಲೆ ಗೆರೆ ಎಳೆದವನೇ ಅಲ್ಲ. ಅಂಗಡಿಯ ಮುಂದಿನ ಕಾಂಕ್ರೀಟ್ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಸೀಮೆಸುಣ್ಣ ಹಿಡಿದು, ಟ್ರಾಲಿ ಎಷ್ಟು ದೊಡ್ಡದಾಗಬೇಕೋ ಅಷ್ಟೇ ದೊಡ್ಡದಾಗಿ ಬರೆಯುತ್ತಾನೆ. ಆಮೇಲೆ ಗೆರೆಯ ಮೇಲೆ ಕಬ್ಬಿಣ ಇಟ್ಟು, ಗೆರೆ ಮುಗಿದಲ್ಲಿ ಕತ್ತರಿಸಿ, ಗೆರೆ ಕೂಡಿದಲ್ಲಿ ಬೆಸೆಯುತ್ತಾನೆ. ಈ ಕಡೆಯ ವೆಲ್ಡಿಂಗಿನವರೆಲ್ಲ ಮಾಡುವುದು ಹೀಗೆಯೇ. ಆದರೆ ಬೆಳಗ್ಗೆ ಬರೆದದ್ದನ್ನು ಸಂಜೆಗೆ ಎಬ್ಬಿಸಿ ನಿಲ್ಲಿಸುವುದರಲ್ಲಿ ಅವನಂಥವನಿಲ್ಲ ಎಂದು ಊರು ಹೇಳುತ್ತಿತ್ತು. ಅಂಥವನು ಒಂದೇ ಒಂದು ಗಾಡಿಯನ್ನು ಬರೆದು, ಒರೆಸಿ, ಮತ್ತೆ ಬರೆದು, ಕಡೆಗೂ ಕಬ್ಬಿಣ ಮಾಡದೇ ಉಳಿದ. ಅದು ಅವನ ಹೆಂಡತಿ ಹಂಪವ್ವನ ಗಾಡಿ.

ಹಂಪವ್ವ ಅಳವಂಡಿಯ ಮಗಳು. ಕೂಸಿದ್ದಾಗಲೇ ಪೋಲಿಯೋ ಬಡಿದು ಎಡಗಾಲು ಸಣ್ಣಗಾಗಿ, ಗಿಡ್ಡವಾಗಿ ಉಳಿದುಬಿಟ್ಟಿತ್ತು. ನಡೆಯುವಾಗ ಎಡಗೈಯಿಂದ ಮೊಣಕಾಲನ್ನು ಒತ್ತಿಕೊಂಡು ನಡೆಯುತ್ತಿದ್ದಳು. ಕಾಲು ಹಾಗಿದ್ದರೆ ಏನಾಯಿತು, ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟು ಚುರುಕಾಗಿತ್ತು. ಮನೆಯ ಪಡಸಾಲೆಯಲ್ಲೇ ಮಿಷಿನ್ ಇಟ್ಟುಕೊಂಡು ಊರ ಹೆಂಗಸರಿಗೆಲ್ಲ ಕುಬಸ ಹೊಲಿಯುತ್ತಿದ್ದಳು. ಅಳತೆಗೆ ಬಂದವರ ಗುಟ್ಟನ್ನೆಲ್ಲ ಕೇಳಿಸಿಕೊಂಡು, ಅವರನ್ನೇ ಚಾಷ್ಟಿ ಮಾಡಿ ನಗಿಸಿ ಕಳಿಸುತ್ತಿದ್ದಳು. ಅವಳಿಗಿದ್ದ ಕೊರಗು ಒಂದೇ. ದಾರ, ಅಸ್ತರು, ಗುಂಡಿ ತರಲು ಕುಷ್ಟಗಿಗೆ ಹೋಗಬೇಕೆಂದರೆ ಗಂಡನ ಬಿಡುವು ಕಾಯಬೇಕು. ಅವನು ಕರೆದುಕೊಂಡು ಹೋದರೂ ಅಂಗಡಿಯ ಬಾಗಿಲಲ್ಲೇ ನಿಂತು, "ಲಗೂನ ಮುಗಸ, ಅಂಗಡ್ಯಾಗ ಕೆಲಸ ಬಿಟ್ಟು ಬಂದೀನಿ" ಎಂದು ಅವಸರ ಹಚ್ಚುತ್ತಿದ್ದ. ಹಸಿರಿನಲ್ಲಿ ಯಾವ ಹಸಿರು ಎಂದು ಸಾವಕಾಶ ನೋಡುವುದಕ್ಕೂ ಅವಳಿಗೆ ಪುರುಸೊತ್ತು ಸಿಗುತ್ತಿರಲಿಲ್ಲ.

ಗಾಡಿಯ ಮಾತು ಹುಟ್ಟಿದ್ದು ಆ ಹೊಲಿಗೆ ಮಿಷಿನ್ನಿನಿಂದಲೇ. ಕೊರೋನಾ ಮುಗಿದ ಮರುವರ್ಷ, ಬಲಗಾಲೊಂದರಲ್ಲೇ ಪೆಡಲು ತುಳಿದು ತುಳಿದು ಅವಳ ಸೊಂಟ ಹಿಡಿದುಕೊಂಡಿತು. ಯಮನೂರಪ್ಪ ಗೆಳೆಯ ಜಿಲಾನಸಾಬನನ್ನು ಕರೆತಂದ. ಬಸ್‌ಸ್ಟ್ಯಾಂಡಿನ ಹಿಂದೆ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವುದು ಜಿಲಾನಸಾಬನ ಕಸುಬು. ಇಬ್ಬರೂ ಸೇರಿ ಮಿಷಿನ್ನಿಗೆ ಒಂದು ಪುಟ್ಟ ಮೋಟರು ಕೂಡಿಸಿ, ಅದನ್ನು ಕೈಯಿಂದಲೇ ನಡೆಸುವಂತೆ ಮಾಡಿದರು. ಹಂಪವ್ವ ಒಂದು ತೋಳು ಹೊಲಿದು ನೋಡಿ, ಮಿಷಿನ್ ನಿಲ್ಲಿಸಿ, ಗಂಡನ ಮುಖವನ್ನೇ ದಿಟ್ಟಿಸಿದಳು.

"ಅಲ್ರಿ, ಇದಕ್ಕ ಕಾಲು ಬೇಕಾಗಿಲ್ಲ ಅಂದ್ರ, ಗಾಡಿಗೆ ಯಾಕ ಬೇಕು?"

"ಯಾವ ಗಾಡಿಗೆ?"

"ನನ್ನ ಗಾಡಿಗೆ. ಕಿಕ್ ಹೊಡಿಯೂದಿಲ್ಲ, ಗೇರ್ ಹಾಕೂದಿಲ್ಲ. ಕರೆಂಟಿನ ಮೋಟರ್ ಸೈಕಲ್ ಮಾಡ್ರಿ ನನಗ. ಊರ ಮಂದಿಗೆಲ್ಲ ಟ್ರಾಲಿ ಮಾಡಿ ಕೊಡ್ತೀರಿ, ಹೆಂಡ್ತಿಗೆ ಒಂದು ಗಾಡಿ ಮಾಡ್ಲಿಕ್ಕೆ ಆಗೂದಿಲ್ಲೇನು?"

ಜಿಲಾನಸಾಬ ನಗುತ್ತಾ, ಕಾಲಿಲ್ಲದವರಿಗೆಂದೇ ಮೂರು ಗಾಲಿಯ ಗಾಡಿ ಬರುತ್ತದಲ್ಲ ವೈನಿ ಎಂದ. ಹಂಪವ್ವ ಮುಖ ತಿರುವಿದಳು. "ಅದನ್ನ ನೋಡೀನಿ. ಅದರಾಗ ಕುಂತ್ರ ತೊಟ್ಟಲದಾಗ ಕುಂತಂಗ ಕಾಣ್ತೈತಿ. ನನಗ ಎರಡ ಗಾಲಿ ಬೇಕು, ಮುಂದ ಟ್ಯಾಂಕ್ ಬೇಕು, ಗಂಡಸರದು ಹೆಂಗ ಇರ್ತೈತೋ ಹಂಗ."

ಯಮನೂರಪ್ಪನಿಗೆ ಈ ಹಟ ಬಹಳ ಹಿಡಿಸಿತು. ಅವತ್ತಿನಿಂದಲೇ ಶುರುವಾಯಿತು. ಬರೆಯುವುದೆಂದರೆ ನೆಲದ ಮೇಲೇ ಬರೆಯಬೇಕು, ಆದರೆ ಮನೆಯ ನೆಲದ ಮೇಲೆ ಬರೆದರೆ ಬೆಳಗಾದರೆ ಕಸಬರಿಗೆ ಬರುತ್ತದೆ. ಹಾಗಾಗಿ ಪಡಸಾಲೆಯ ಗೋಡೆಯನ್ನೇ ಹಿಡಿದ. ಹಂಪವ್ವನನ್ನು ಗೋಡೆಗೆ ಒತ್ತಿ ಹಾಕಿದ ಸ್ಟೂಲಿನ ಮೇಲೆ ಗೋಡೆಗೆ ಮಗ್ಗುಲಾಗಿ ಕೂರಿಸಿ, ಎರಡೂ ಕೈ ಮುಂದೆ ಚಾಚಿಸಿ, ಇದ್ದಿಲಿನಿಂದ ಅವಳ ಸುತ್ತ ಗೆರೆ ಎಳೆದ. ಬೆನ್ನಿನ ಬಾಗು, ಮೊಣಕೈ, ಮೊಣಕಾಲು, ನೆಲ ಮುಟ್ಟಿದ ಬಲಪಾದ. ಸೊಂಟದ ಹತ್ತಿರ ಇದ್ದಿಲು ಬಂದಾಗ ಅವಳಿಗೆ ಕಚಗುಳಿಯಾಗಿ ನಕ್ಕು ಅಲುಗಾಡಿ, ಅಲ್ಲಿ ಗೆರೆ ಸೊಟ್ಟಗಾಯಿತು. ಕಾಲೇಜಿನಿಂದ ಬಂದ ಮಗಳು ರಂಜಿತಾ ಗೋಡೆ ನೋಡಿ, "ಯವ್ವಾ, ಅಪ್ಪ ನಿನ್ನ ಗೋಡಿಗೆ ಅಂಟಿಸ್ಯಾನಲ್ಲ" ಎಂದು ಬಿದ್ದು ಬಿದ್ದು ನಕ್ಕಳು.

ಆ ಗೆರೆಯ ಹೆಂಗಸಿನ ಸುತ್ತಲೇ ಗಾಡಿ ಬೆಳೆಯಿತು. ಬೇರೆಯವರು ಗಾಡಿ ಕೊಂಡು ಅದಕ್ಕೆ ತಮ್ಮ ಮೈ ಹೊಂದಿಸಿಕೊಳ್ಳುತ್ತಾರೆ, ಇಲ್ಲಿ ಮೈ ಮೊದಲು ಬಂದು ಕೂತಿತ್ತು. ಸೀಟು ತಗ್ಗಿನಲ್ಲಿ, ಬಲಪಾದ ಪೂರ್ತಿ ಊರುವಂತೆ. ಎರಡೂ ಬ್ರೇಕು ಕೈಯಲ್ಲೇ. ಎಲ್ಲರೂ ಗಾಡಿ ನಿಲ್ಲಿಸಿದಾಗ ಎಡಗಾಲು ಊರುತ್ತಾರೆ, ಇವಳು ಬಲಗಾಲು ಊರಬೇಕು. ಅದಕ್ಕೆ ಬ್ಯಾಟರಿಯನ್ನು ನಟ್ಟನಡುವೆ ಇಡದೆ ಕೂದಲೆಳೆಯಷ್ಟು ಬಲಕ್ಕೆ ಸರಿಸಿದ. ಪೆಟ್ರೋಲು ಬೇಕಿಲ್ಲದ ಮೇಲೆ ಟ್ಯಾಂಕು ಖಾಲಿ ಡಬ್ಬಿಯಷ್ಟೇ. ಅದರ ಮೇಲೆ ಮುಚ್ಚಳ ಇಡಿಸಿ ಅಸ್ತರು, ದಾರ ಅದರೊಳಗೆ ತುಂಬಿಕೊಂಡು ಬರುತ್ತೇನೆ ಎಂದವಳು ಹಂಪವ್ವನೇ. ಗಾಡಿ ಇನ್ನೂ ಹುಟ್ಟುವ ಮೊದಲೇ ಗೋಡೆಯ ಮೇಲೆ ಟೇಪು ಹಿಡಿದು ಅಳತೆ ತೆಗೆದು, ಕೆಂಪು ರೆಕ್ಸಿನ್ನಿನಲ್ಲಿ ಸೀಟಿನ ಕವರು ಹೊಲಿದು ಮಡಚಿಟ್ಟಳು. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ತಾಯಿ ಮಗಳು ಆ ಚಿತ್ರದ ಸುತ್ತ ಕಟ್ಟು ಹಾಕಿದ ಹಾಗೆ ಜಾಗ ಬಿಟ್ಟು ಹೊಡೆಯುತ್ತಿದ್ದರು. ಕುಬಸದ ಅಳತೆಗೆ ಬಂದವರಿಗೆಲ್ಲ ಮೊದಲು ಗಾಡಿಯ ದರ್ಶನ, ಆಮೇಲೆ ಅಳತೆ.

ಗಂಗಾವತಿಯ ಗುಜರಿಯಿಂದ ಜಿಲಾನಸಾಬ ಒಂದು ಗಾಲಿ ತಂದ. ಗಾಲಿಯೊಳಗೇ ಮೋಟರು ಕೂತಿರುವಂಥದ್ದು. ಒಂದು ಭಾನುವಾರ ಅಂಗಳದಲ್ಲಿ ಅದನ್ನು ಮರದ ದಿಮ್ಮಿಗೆ ಬಿಗಿದು, ಬ್ಯಾಟರಿಗೆ ತಂತಿ ಕೊಟ್ಟು, ಹ್ಯಾಂಡಲನ್ನು ಹಂಪವ್ವನ ಕೈಗಿಟ್ಟ. "ತಿರುವ್ರಿ ವೈನಿ, ಹಗೂರಕ." ಅವಳು ತಿರುವಿದಳು. ಗಾಲಿ ಸದ್ದಿಲ್ಲದೆ ತಿರುಗಿತು. ಇನ್ನಷ್ಟು ತಿರುವಿದಳು. ಗಾಲಿಯ ಕಡ್ಡಿಗಳು ಕಾಣದಾದವು, ಗಾಳಿ ಬಂದು ಅವಳ ಸೆರಗು ಹಾರಿತು. ಹಂಪವ್ವ ಬಾಯಿ ತೆರೆದವಳು ಮುಚ್ಚಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಗಂಡನಿಗೆ ಕಾಣಬಾರದೆಂದು, ಧೂಳು ಧೂಳು ಎಂದು ಬೈದಳು. "ಮುಂದಿನ ವಾರ ಕೂಡಿಸೇ ಬಿಡ್ರಿ" ಎಂದಳು. ಯಮನೂರಪ್ಪನೂ ಆಗಲಿ ಎಂದ. ಆ ಮಾತು ಅವನು ಮನಸ್ಸಿನಿಂದಲೇ ಆಡಿದ್ದು.

ಮುಂದಿನ ವಾರ ಬಂತು. ಅದಕ್ಕಿಂತ ಮುಂಚೆ ಅಂಗಡಿಗೆ ಇನ್ನೊಂದು ಗಾಡಿ ಬಂತು.

ಕುಷ್ಟಗಿಯ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕ ಸ್ಕೂಟರು ಅದು. ಸೊಟ್ಟಾದ ಚಾಸಿಯನ್ನು ನೆಟ್ಟಗೆ ಮಾಡಿಕೊಡು ಎಂದು ಯಾರೋ ಇಳಿಸಿಹೋಗಿದ್ದರು. ಇಂಥವು ಅವನ ಅಂಗಡಿಗೆ ಬರುತ್ತಲೇ ಇರುತ್ತವೆ, ಅವನು ಹೆಚ್ಚು ಕೇಳುವವನೂ ಅಲ್ಲ. ಸೀಟು ಬಿಚ್ಚಿದಾಗ ಸಂದಿಯಲ್ಲಿ ಹಸಿರು ಬಳೆಯ ಚೂರುಗಳು ಸಿಕ್ಕವು. ಓಡಿಸುತ್ತಿದ್ದವಳು ಹೆಂಗಸು, ಉಳಿಯಲಿಲ್ಲವಂತೆ. ಅವಳಿಗೆ ಎರಡೂ ಕಾಲು ಗಟ್ಟಿಯಾಗೇ ಇದ್ದವಂತೆ. ಯಮನೂರಪ್ಪ ಚೂರುಗಳನ್ನು ಒಂದೊಂದಾಗಿ ಅಂಗೈಗೆ ಆರಿಸಿಕೊಂಡ. ಅವತ್ತು ಕುಸಿದ ಅವನ ಧೈರ್ಯ ಮತ್ತೆ ಏಳಲಿಲ್ಲ.

ಮನೆಗೆ ಹೋಗಿ ಹೇಳಿಬಿಡಬಹುದಿತ್ತು. ಹಂಪಿ, ನನಗೆ ಹೆದರಿಕೆಯಾಗುತ್ತದೆ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಜಗಳ ಮಾಡುತ್ತಿದ್ದಳು, ನಗುತ್ತಿದ್ದಳು, ಗೆದ್ದರೂ ಗೆಲ್ಲುತ್ತಿದ್ದಳು. ಆದರೆ ಗಂಡಸಿನ ಬಾಯಿಗೆ ಹೆದರಿಕೆಯ ಮಾತು ಸಲೀಸಾಗಿ ಬರುತ್ತದೆಯೇ! ನೆಪಗಳಾದರೆ ಎಷ್ಟು ಬೇಕಾದರೂ ಬರುತ್ತವೆ. ಬ್ಯಾಟರಿ ಬೇಗ ಕಾಯುತ್ತದೆ ಎಂದ. ಮಳೆಗಾಲ ಕಳೆಯಲಿ ಎಂದ. ಮನೆಯಲ್ಲಿ ಮಾಡಿದ ಗಾಡಿಗೆ ಪಾಸಿಂಗ್ ಸಿಗುವುದಿಲ್ಲ, ಕೊಪ್ಪಳದ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಬೇಕು ಎಂದ. ಒಂದೊಂದು ನೆಪವೂ ಅಷ್ಟಿಷ್ಟು ನಿಜವೇ. ಅದೇ ಕೆಟ್ಟದ್ದು, ಪೂರಾ ಸುಳ್ಳಾಗಿದ್ದರೆ ಅವನೇ ನಾಚಿಕೊಂಡು ಬಿಟ್ಟುಬಿಡುತ್ತಿದ್ದ. ಸಂಜೆ ಬಂದು ಗೋಡೆಯ ಮುಂದೆ ನಿಂತು ಸೀಟನ್ನು ಒಂದು ಬೆರಳು ತಗ್ಗಿಸುತ್ತಿದ್ದ, ಹ್ಯಾಂಡಲನ್ನು ಒಂದು ಬೆರಳು ಏರಿಸುತ್ತಿದ್ದ. ನೋಡಿದವರಿಗೆ ಕೆಲಸ ನಡೆದಿದೆ ಅನ್ನಿಸಬೇಕು. ಗೋಡೆಯ ಮೇಲೆ ಇರುವತನಕ ಅವಳು ಬೀಳುವುದಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಜಿಲಾನಸಾಬನ ಮುಂದೆ ಮಾತ್ರ ಈ ಆಟ ನಡೆಯಲಿಲ್ಲ. "ಯಮನೂರ, ಬ್ಯಾಟರಿ ಛಲೋ ಐತಿ, ಮೋಟರೂ ಛಲೋ ಐತಿ. ನಿಂದ ಧೈರ್ಯ ಕೈ ಕೊಟ್ಟೈತಿ. ವೈನಿಗೆ ಖರೇ ಹೇಳಿಬಿಡು" ಎಂದು ಬೈದ. ಯಮನೂರಪ್ಪ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹಂಪವ್ವ ಒಮ್ಮೆ ನೇರವಾಗಿಯೇ ಕೇಳಿದಳು. ಆಗ ಅವಳು ಯಾರದೋ ಮದುವೆಯ ಕುಬಸಕ್ಕೆ ಗುಂಡಿ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಮಗ ನನ್ನ ಮ್ಯಾಲೆ ನಂಬಿಗಿ ಇಲ್ಲೇನ್ರಿ?"

"ನಿನ್ನ ಮ್ಯಾಲೆ ಐತಿ ಮಾರಾಯ್ತಿ. ಬ್ಯಾಟರಿ ಮ್ಯಾಲೆ ಇಲ್ಲ."

"ನನ್ನ ಕಾಲಿನ ಮ್ಯಾಲೆ?"

"ಹಂಗ್ಯಾಕ ಮಾತಾಡ್ತಿ? ಮಾಡ್ತೀನಂತ ಹೇಳೀನಿಲ್ಲ? ದೀಪಾವಳಿ ಆಗ್ಲಿ ತಡಿ."

"ಆತು ಬಿಡ್ರಿ" ಎಂದು ಅವಳು ದಾರವನ್ನು ಹಲ್ಲಿನಿಂದ ಕಡಿದಳು. ದೀಪಾವಳಿಯೂ ಆಯಿತು, ಸಂಕ್ರಾಂತಿಯೂ ಆಯಿತು. ಇವನು ಮೀನ ಮೇಷ ಎಣಿಸುತ್ತಲೇ ಇದ್ದ. ಆಮೇಲೆ ಅವಳು ಮತ್ತೊಮ್ಮೆ ಕೇಳಿದ್ದು ಅವನಿಗೆ ನೆನಪಿಲ್ಲ. ಕುಷ್ಟಗಿಯಿಂದ ಏನಾದರೂ ಬೇಕಾದರೆ ಬಸ್ಸಿನಲ್ಲಿ ಹೋಗುವವರ ಕೈಗೆ ಬಟ್ಟೆಯ ತುಂಡು ಕೊಟ್ಟು, ಇದಕ್ಕೆ ಹೊಂದುವ ದಾರ ತಂದುಕೊಡ್ರಿ ಎನ್ನತೊಡಗಿದ್ದಳು. ಅವರು ಯಾವ ಹಸಿರು ತಂದರೂ ಅದೇ ಸರಿ ಎಂದು ಹೊಲಿಯುತ್ತಿದ್ದಳು. ಅಂಥ ಹಂಪವ್ವ ಹಾಗೆ ಹೊಲಿಯುತ್ತಿರುವುದನ್ನು ಕಂಡಾಗಲಾದರೂ ಅವನ ಎದೆ ಧಸಕ್ಕೆನ್ನಬೇಕಿತ್ತು.

ಯುಗಾದಿಯ ಹಿಂದಿನ ದಿನ ಅಂಗಡಿಯಿಂದ ಬಂದವನು ಪಡಸಾಲೆಯಲ್ಲಿ ಕಾಲಿಡುತ್ತಲೇ ನಿಂತ. ಗೋಡೆ ಬೆಳ್ಳಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಹಸಿ ಸುಣ್ಣ. ಗಾಡಿಯೂ ಇಲ್ಲ, ಅದರ ಮೇಲೆ ಕೂತವಳೂ ಇಲ್ಲ. ಹಂಪವ್ವ ಸ್ಟೂಲಿನ ಮೇಲೆ ಕೂತು ಕೈಗೆ ಹತ್ತಿದ ಸುಣ್ಣ ತೊಳೆದುಕೊಳ್ಳುತ್ತಿದ್ದಳು.

"ಮಸಿ ಉದುರಿ ಬಟ್ಟಿಗೆಲ್ಲ ಹತ್ತಾಕತ್ತಿತ್ತರಿ" ಎಂದಳು. "ಹೊಡದುಬಿಟ್ಟೆ. ನಿಮಗ ಬೇಕಂದ್ರ ಮತ್ತ ಬರಕೊಳ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಯಮನೂರಪ್ಪ ಬದುಕಿಕೊಳ್ಳುತ್ತಿದ್ದ. ಮಿಷಿನ್ನಿನ ಮುಂದಿನ ಕುರ್ಚಿಗೆ ಕೆಂಪು ರೆಕ್ಸಿನ್ನಿನ ದಿಂಬೊಂದು ಬಂದಿತ್ತು. ಸೀಟಿನ ಕವರನ್ನು ಬಿಚ್ಚಿ ಹೊಲಿದದ್ದೆಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಆ ಹೊತ್ತಿನಲ್ಲಿ ಅವನಿಗೆ ಆದದ್ದೇನು? ದುಃಖವಲ್ಲ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಇನ್ನು ನೆಪ ಹುಡುಕಬೇಕಿಲ್ಲ, ಇನ್ನು ಅವಳು ರಸ್ತೆಗೆ ಇಳಿಯುವುದಿಲ್ಲ, ಇನ್ನು ಅವಳು ಉಳಿದಳು. ಬರೆಯುತ್ತೇನೆ ಬಿಡು ಎಂದು ಬಾಯಿಮಾತಿಗೆ ಹೇಳಿ, ಕೈಕಾಲು ತೊಳೆದು, ನೆಮ್ಮದಿಯಿಂದ ಉಂಡ.

ಶ್ರಾವಣದಲ್ಲಿ ಹಂಪವ್ವನಿಗೆ ಜ್ವರ ಬಂತು. ಊರಿನಲ್ಲಿ ಹಲವರಿಗೆ ಬಂದಿದ್ದ ಡೆಂಗಿ ಜ್ವರವೇ. ಬಿಟ್ಟು ಬಿಟ್ಟು ಬಂದದ್ದರಿಂದ, ಇಳಿಯುತ್ತದೆ ಎಂದುಕೊಂಡೇ ಅವಳು ಎರಡು ಕುಬಸ ಹೊಲಿದು ಮುಗಿಸಿದಳು. ಆಮೇಲೆ ಒಮ್ಮೆಲೇ ಕಣ್ಣು ಮೇಲೆ ಮಾಡಿದಳು. ಕಾರು ಮಾಡಿಕೊಂಡು ಕೊಪ್ಪಳಕ್ಕೆ ಒಯ್ದರು. ಹಿಂದಿನ ಸೀಟಿನಲ್ಲಿ ಗಂಡನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು. ದಾರಿಯಲ್ಲಿ ಒಮ್ಮೆ ಕಣ್ಣು ತೆರೆದು ರಂಜಿತಾ ಉಂಡಳೋ ಇಲ್ಲವೋ ಎಂದು ಕೇಳಿದಳು, ಅಷ್ಟೇ. ಡಾಕ್ಟರರು ತಮ್ಮ ಕೈಲಾದದ್ದೆಲ್ಲ ಮಾಡಿದರು. ರಕ್ತ ಕೊಡಲು ಜಿಲಾನಸಾಬ ತನ್ನ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಓಡಿಬಂದ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೀಳದ ಹಾಗೆ ಅಷ್ಟು ಜೋಪಾನ ಮಾಡಿದ ಹೆಂಡತಿ ಮನೆಯೊಳಗೆ ಕೂತಲ್ಲೇ ಹತ್ತಿದ ಜ್ವರಕ್ಕೆ ಹೋಗಿಬಿಟ್ಟಿದ್ದಳು.

ಮಣ್ಣು ಕೊಟ್ಟು ಬಂದಮೇಲೆ ಯಮನೂರಪ್ಪ ಅಂಗಡಿ ತೆರೆಯಲಿಲ್ಲ. ಕೂತರೆ ಕೂತಲ್ಲೇ, ಆ ಬಿಳಿ ಗೋಡೆಯನ್ನು ನೋಡುತ್ತ. ದಿವಸದ ಕಾರ್ಯಕ್ಕೆ ನೆಂಟರು ಬಂದು ತುಂಬಿಕೊಂಡರು. ಅಳವಂಡಿಯಿಂದ ಬಂದ ಹಂಪವ್ವನ ಅಕ್ಕ ಹುಲಿಗೆವ್ವ ಅಡುಗೆಯ ಉಸ್ತುವಾರಿ ಹಿಡಿದಳು. ಅವಳಿಗೆ ಇದ್ದ ಚಿಂತೆಯೆಂದರೆ ಕಾಗೆಯದು. ಮಣ್ಣು ಕೊಟ್ಟ ಜಾಗದಲ್ಲಿ ಎಡೆ ಇಟ್ಟು ಹಿಂದೆ ಸರಿದು ನಿಂತಾಗ ಕಾಗೆ ಬಂದು ಮುಟ್ಟಬೇಕು. ಹೋದವರಿಗೆ ಏನಾದರೂ ಆಸೆ ಉಳಿದಿದ್ದರೆ ಕಾಗೆ ಬರುವುದಿಲ್ಲ. ಆಗ ಮನೆಯವರು ಒಬ್ಬೊಬ್ಬರೇ ಮುಂದೆ ಬಂದು, ನಿನ್ನ ಆ ಆಸೆ ನಾವು ನಡೆಸಿಕೊಡುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಆಸೆಯ ಹೆಸರು ಹೇಳಿದ ಕೂಡಲೇ ಕಾಗೆ ಇಳಿಯುತ್ತದೆ. "ಆಕಿ ಜೀವ ಎಲ್ಲಾ ರಂಜಿತಾನ ಲಗ್ನದ ಮ್ಯಾಲೆ ಇತ್ತು. ಅದನ್ನ ನಾ ಹೇಳ್ತೀನಿ ತಗೋರಿ" ಎಂದಳು ಹುಲಿಗೆವ್ವ.

ಯಮನೂರಪ್ಪ ಅದನ್ನು ಕೇಳಿಸಿಕೊಂಡ. ಅಷ್ಟು ದಿನದಲ್ಲಿ ಮೊದಲ ಸಲ ಅವನ ಮುಖಕ್ಕೆ ಜೀವ ಬಂತು. ಲಗ್ನವಲ್ಲ. ಏನೆಂದು ಅವನಿಗೊಬ್ಬನಿಗೇ ಗೊತ್ತು. ಕಾಗೆ ಬರುವುದಿಲ್ಲ. ಹುಲಿಗೆವ್ವ ಲಗ್ನದ ಮಾತು ಆಡಿದರೂ ಬರುವುದಿಲ್ಲ. ಆಗ ತಾನು ಮುಂದೆ ಹೋಗಿ, ಎಲ್ಲರೆದುರು, ಹಂಪಿ, ನನಗೆ ಹೆದರಿಕೆಯಾಗಿತ್ತು, ತಪ್ಪಾಯಿತು, ನಿನ್ನ ಗಾಡಿ ಮಾಡುತ್ತೇನೆ ಎನ್ನಬೇಕು. ಆ ಮಾತಿಗಾಗಿಯೇ ಅವಳು ಕಾದಿರುತ್ತಾಳೆ. ಕಾದಿದ್ದಾಳೆ ಎಂದುಕೊಂಡಾಗ, ಎಲ್ಲ ಮುಗಿದರೂ ಅವಳಿಗೂ ತನಗೂ ನಡುವೆ ಇನ್ನೂ ಏನೋ ಉಳಿದಿದೆ ಅನ್ನಿಸಿ, ಅವನು ಒಂದು ಲೋಟ ಚಹಾ ಕುಡಿದ. ಬೆಳಗ್ಗೆ ಎದ್ದು ಸ್ನಾನ ಮಾಡಿ, ಆ ಮಾತನ್ನೇ ಬಾಯೊಳಗೆ ತಿರುವಿ ತಿರುವಿ ಆಡಿಕೊಳ್ಳುತ್ತ ಎಲ್ಲರಿಗಿಂತ ಮುಂದೆ ನಡೆದ.

ಹೊಸ ಮಣ್ಣಿನ ಮೇಲೆ ಬಾಳೆಲೆ ಹಾಸಿದರು. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ, ಅವಳು ಹಾಕಿಕೊಳ್ಳುತ್ತಿದ್ದ ಎಲೆ ಅಡಿಕೆ. ರಂಜಿತಾ ಊದುಬತ್ತಿ ಹಚ್ಚಿ ಕೈ ಮುಗಿದಳು. ಎಲ್ಲರೂ ಹಿಂದೆ ಸರಿಯತೊಡಗಿದರು.

ಸರಿದು ಮುಗಿಯಲಿಲ್ಲ. ಜಾಲಿಗಿಡದಿಂದ ಒಂದು ಕಾಗೆ ನೆಟ್ಟಗೆ ಎಲೆಯ ಮೇಲೆ ಬಂದು ಇಳಿಯಿತು. ಅತ್ತ ಇತ್ತ ನೋಡಲಿಲ್ಲ. ಹೋಳಿಗೆಗೆ ಬಾಯಿ ಹಾಕಿತು.

"ನೋಡ್ರಿ ನನ್ನ ತಂಗಿನ್ನ!" ಎಂದು ಹುಲಿಗೆವ್ವ ಅಳುತ್ತಲೇ ನಕ್ಕಳು. "ಒಂದು ಮಾತೂ ಹೇಳಿಸಿಕೊಳ್ಳಲಿಲ್ಲ. ಯಾವ ಆಸೇನೂ ಇಟಗೊಂಡಿಲ್ಲ ನನ್ನವ್ವ."

"ಹುಶ್!"

ಕೂಗಿದವನು ಯಮನೂರಪ್ಪ. ಎರಡೂ ಕೈ ಬೀಸುತ್ತ ಮಣ್ಣಿನ ಮೇಲೆ ಓಡಿಹೋದ. ಕಾಗೆ ಎರಡು ಹೆಜ್ಜೆ ಹಾರಿ ಕೂತಿತು. "ಹುಶ್! ಹೋಗು! ತಡಿ, ನಾ ಇನ್ನೂ ಹೇಳೇ ಇಲ್ಲ!"

"ಏ, ಏನ ಮಾಡ್ತೀಯೋ ತಮ್ಮಾ! ಎಡಿ ಮುಟ್ಟಿದ ಕಾಗಿ ಓಡಸ್ತಾರೇನು!" ಎಂದು ಹುಲಿಗೆವ್ವ ಚೀರಿದಳು.

"ಆಕಿದು ಆಸೆ ಐತಿ ಅಕ್ಕಾ. ಇದ್ದೇ ಐತಿ. ಹೆಂಗ ಬಿಡ್ತಾಳ? ನಾ ಹೇಳಬೇಕು, ಆಮ್ಯಾಲೆ ಬರಬೇಕು ಅದು. ಹಿಂದಕ್ಕ ಕಳಿಸ್ರಿ ಅದನ್ನ!"

ಜಿಲಾನಸಾಬ ಓಡಿಬಂದು ಅವನನ್ನು ಹಿಂದಿನಿಂದ ತಬ್ಬಿ ಹಿಡಿದ. ಯಮನೂರಪ್ಪ ಕೊಸರಾಡಿದ. ಆಮೇಲೆ ಅಲ್ಲೇ ಕೂತ. ಬೆಳಗಿನಿಂದ ಬಾಯೊಳಗೆ ಆಡಿಕೊಂಡ ಮಾತನ್ನು ಹೇಳಹೋದ, ಅದು ಹಂಪಿ ಎಂಬಲ್ಲಿಗೇ ನಿಂತಿತು. ಇನ್ನೂ ಮೂರು ನಾಲ್ಕು ಕಾಗೆಗಳು ಬಂದು ಇಳಿದವು. ನೆಂಟರು, ಪುಣ್ಯವಂತೆ, ತೃಪ್ತಿಯಿಂದ ಹೋದಳು ಎಂದು ಮಾತಾಡಿಕೊಳ್ಳುತ್ತ ಊರ ಕಡೆ ಹೆಜ್ಜೆ ಹಾಕಿದರು. ಕಾಗೆಗಳು ಅನ್ನದ ಒಂದಗುಳೂ ಉಳಿಸದೆ ಉಂಡು ಹೋದವು.